ಷಡ್ಡಕನ ಬೇಲಿಯ ಗಿಡ

ನಮ್ಮವರಿಗೆ ರಕ್ತದೊತ್ತಡವಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಬೀಡಿ ಸಿಗರೇಟಿನ ಚಟವೂ ಇಲ್ಲ. ಇದ್ದದ್ದು ಒಂದೇ ರೋಗ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚು. ಮದುವೆಯ ದಿನ ಹತ್ತಿಕೊಂಡದ್ದು ವರ್ಷಗಟ್ಟಲೆ ಆರಲಿಲ್ಲ. ಕಟ್ಟಿಕೊಂಡವಳು ನಾನು, ಅದರ ಹೊಗೆ ಕುಡಿದವಳೂ ನಾನೇ. ಹಾಗಾಗಿ ಈ ಕಥೆ ಹೇಳುವ ಹಕ್ಕು ಬೇರೆ ಯಾರಿಗಿಂತ ನನಗೇ ಹೆಚ್ಚು.

ಷಡ್ಡಕ ಎಂದರೆ ನನ್ನ ಅಕ್ಕನ ಗಂಡ, ನನಗೆ ಭಾವ. ಪೇಟೆ ಬೀದಿಯಲ್ಲಿ ಅವರ ಫೋಟೋ ಸ್ಟುಡಿಯೋ ಇದೆ. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಗೋಡೆಗೆ ನೀಲಿ ಪರದೆ. ಊರಿಗೆಲ್ಲ ‘ನಗಿ, ನಗಿ’ ಎಂದು ಹೇಳಿ ಹೇಳಿ ಭಾವನ ಮುಖಕ್ಕೇ ನಗು ಅಂಟಿಕೊಂಡುಬಿಟ್ಟಿತ್ತು. ನಮ್ಮವರದು ಪಂಪು ಮತ್ತು ಡೀಸೆಲ್ ಎಂಜಿನ್ ರಿಪೇರಿ, ಅದೂ ಇನ್ನೊಬ್ಬರ ಅಂಗಡಿಯಲ್ಲಿ. ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ನಮ್ಮ ಮದುವೆಯ ಫೋಟೋ ತೆಗೆದವರು ಭಾವನೇ. ಕ್ಯಾಮೆರಾದ ಹಿಂದಿನಿಂದ, “ಸ್ವಲ್ಪ ನಗು ತಮ್ಮಾ, ಮದುವೆ ಆಗ್ತಿರೋದು ನಿನಗೇ” ಎಂದರು. ನೆಂಟರೆಲ್ಲ ಗೊಳ್ಳೆಂದರು. ಆ ಫೋಟೋದಲ್ಲಿ ನಮ್ಮವರು ಹಲ್ಲು ಕೀಳಿಸಲು ಬಂದವರ ಹಾಗೆ ನಿಂತಿದ್ದಾರೆ.

ಭಾವ ಕೆಟ್ಟವರು ಎಂದುಕೊಂಡರೆ ತಪ್ಪು. ಕೆಟ್ಟವರಾಗಿದ್ದರೆ ನಮ್ಮ ಸಂಸಾರ ಸುಖವಾಗಿರುತ್ತಿತ್ತು. ಬೈದರೆ ತಿರುಗಿ ಬೈಯಬಹುದು, ಹಂಗಿಸಿದರೆ ಎರಡು ಮಾತು ಹೆಚ್ಚಿಗೆ ಹಂಗಿಸಬಹುದು. ಭಾವ ಎರಡನ್ನೂ ಮಾಡುವವರಲ್ಲ. ನಾವು ಹೊಟ್ಟೆ ಬಟ್ಟೆ ಕಟ್ಟಿ ಸ್ಕೂಟರು ಕೊಂಡಾಗ ನಮ್ಮವರು ಅದನ್ನು ಒರೆಸಿ ಒರೆಸಿ ಹೊಳೆಸಿ, ಮೊದಲು ಓಡಿಸಿದ್ದೇ ಅಕ್ಕನ ಮನೆಗೆ. ಭಾವ ಹೊರಗೆ ಬಂದು ಒಂದು ಸುತ್ತು ಹೊಡೆದು, “ಭೇಷ್! ಗಾಡಿ ಅಂದ್ರೆ ಇದಪ್ಪಾ” ಎಂದು ಬೆನ್ನು ತಟ್ಟಿದರು. ವಾಪಸು ಬರುವಾಗ ನಮ್ಮವರು ಕೇಳಿದರು: “ಒಂಚೂರಾದ್ರೂ ಮುಖ ಸಣ್ಣ ಆಯ್ತಾ? ನೋಡಿದ್ಯಾ?”

“ಇಲ್ಲಪ್ಪ, ಖುಷಿಯಾಗೇ ಇದ್ರು.”

“ಅದೇ, ಅದೇ ಹೇಳ್ತಿರೋದು. ನಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲ ಅವನು. ಲೆಕ್ಕಕ್ಕೆ ಇಟ್ಟಿದ್ರೆ ಉರೀಬೇಕಿತ್ತು.”

ರೋಗದ ಬುಡ ಇದು. ಭಾವನಿಗಿಂತ ಮೇಲೇರಬೇಕು ಎನ್ನುವುದು ನಮ್ಮವರ ಆಸೆಯಾಗಿರಲಿಲ್ಲ. ಭಾವ ಒಂದೇ ಒಂದು ಸಲ ತಮ್ಮನ್ನು ಕಂಡು ಕರುಬಬೇಕು, ಅಷ್ಟೇ. ನಮ್ಮಪ್ಪ ಬೇರೆ ಈ ಬೆಂಕಿಗೆ ಆಗಾಗ ಎಣ್ಣೆ ಸುರಿಯುತ್ತಿದ್ದರು. ಯಾರಾದರೂ ಅಳಿಯಂದಿರು ಹೇಗೆ ಎಂದು ವಿಚಾರಿಸಿದರೆ, “ದೊಡ್ಡಳಿಯ ಚಿನ್ನ. ಸಣ್ಣಳಿಯ ಪರವಾಗಿಲ್ಲ” ಎನ್ನುತ್ತಿದ್ದರು. ಆ ‘ಪರವಾಗಿಲ್ಲ’ ಕೇಳಿದ ದಿನ ಇವರು ಅರ್ಧ ಊಟಕ್ಕೇ ಏಳುತ್ತಿದ್ದರು.

ನನಗೆ ಅಕ್ಕನ ಮೇಲೆ ಏನೂ ಇರಲಿಲ್ಲವೆಂದರೆ ನಾಲಗೆ ಬಿದ್ದುಹೋದೀತು. ಅಕ್ಕ ನನಗಿಂತ ಬೆಳ್ಳಗೆ, ನನಗಿಂತ ಎತ್ತರ, ಅವಳ ಕೂದಲು ಇವತ್ತಿಗೂ ಒಂದು ಹಿಡಿ ದಪ್ಪ. ಅದೆಲ್ಲ ಹೋಗಲಿ, ಅವಳ ಅಡುಗೆಮನೆಗೆ ಕಿಟಕಿಯಿದೆ. ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಪಕ್ಕದ ಮನೆಯ ಬಚ್ಚಲ ಗೋಡೆಗೆ ಅಂಟಿಕೊಂಡಿದೆ. ಹಗಲು ಹೊತ್ತಿನಲ್ಲೂ ದೀಪ ಹಾಕದೆ ಸಾಸಿವೆ ಯಾವುದು ಜೀರಿಗೆ ಯಾವುದು ತಿಳಿಯುವುದಿಲ್ಲ. ಅಕ್ಕನ ಕಿಟಕಿಯ ಮುಂದೆ ನಿಂತು ಪಾತ್ರೆ ತೊಳೆದು ಬಂದ ದಿನವೆಲ್ಲ ನಮ್ಮ ಮನೆಯ ಪಾತ್ರೆಗಳು ನನ್ನ ಕೈಯಲ್ಲಿ ಹೆಚ್ಚು ಸದ್ದು ಮಾಡುತ್ತಿದ್ದವು.

ಇಷ್ಟರಲ್ಲಿ ಊರಾಚೆಯ ಹಳೇ ಎಣ್ಣೆ ಗಿರಣಿಯನ್ನು ಹೊಸಬರು ಕೊಂಡರು. ತಿನ್ನುವ ಎಣ್ಣೆಯಲ್ಲ, ಕಾಡುಹರಳಿನ ಬೀಜ ಅರೆದು, ಅದನ್ನು ಸೋಸಿ, ಹದಮಾಡಿ ಲಾರಿಗೂ ಜನರೇಟರಿಗೂ ಹಾಕುವ ಎಣ್ಣೆ ತೆಗೆಯುತ್ತೇವೆಂದರು. ಕಾಡುಹರಳು ಎಲ್ಲರಿಗೂ ಗೊತ್ತಿದ್ದ ಗಿಡವೇ. ಮೇಕೆ ಮೂಸಿಯೂ ನೋಡುವುದಿಲ್ಲ, ಬೀಜ ತಿಂದರೆ ವಾಂತಿ ಭೇದಿ, ಬೇಲಿಗೆ ಬಿಟ್ಟರೆ ಇನ್ಯಾತಕ್ಕೂ ಆಗದ್ದು ಎಂದೇ ಅದುವರೆಗೆ ಅಂದುಕೊಂಡಿದ್ದೆವು. ಗಿರಣಿಯವರು ಒಂದು ಡಬ್ಬಿ ಎಣ್ಣೆಯನ್ನು ಪರೀಕ್ಷೆಗೆಂದು ನಮ್ಮವರ ಅಂಗಡಿಗೆ ಕಳಿಸಿದ್ದರು. ಇವರು ಅದನ್ನು ಮೂಲೆಯಲ್ಲಿ ಬಿದ್ದಿದ್ದ ಎಂಜಿನ್ನಿಗೆ ಹೊಯ್ದು ತಿರುಗಿಸಿದರಂತೆ. ಅದು ಕೆಮ್ಮಿತು, ಉಗುಳಿತು, ಆಮೇಲೆ ಗಡಗಡ ಹೊರಟೇಬಿಟ್ಟಿತು. ಆ ದಿನ ಮನೆಗೆ ಬಂದವರ ಮುಖ ನೋಡಬೇಕಿತ್ತು. ನಮ್ಮ ಮಗಳು ಹುಟ್ಟಿದಾಗಲೂ ಅಷ್ಟು ಬೀಗಿರಲಿಲ್ಲ.

ಅಲ್ಲಿಂದ ನಮ್ಮ ಹಿತ್ತಲು ನನ್ನದಾಗಿ ಉಳಿಯಲಿಲ್ಲ. ಬಟ್ಟೆ ಒಣಗಿಸುವ ತಂತಿ ಬಿಸಿಲಿಗೆ ಅಡ್ಡ ಎಂದು ಅದನ್ನು ಬಿಚ್ಚಿ ಹಾಕಿದರು. ಕರೀ ಬೀಜಗಳನ್ನು ನನ್ನ ಹಿಟ್ಟಿನ ಪಾತ್ರೆಯಲ್ಲಿ ನೆನೆಹಾಕಿದರು. ಆ ಪಾತ್ರೆಯನ್ನು ನಾನು ಬೀದಿಗೆಸೆದೆ. ಬೀಜದ ಸಸಿ ಮೊಳೆಯುವಾಗ ಕರೀ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲಿಟ್ಟುಕೊಂಡು ಮೇಲೆ ಬರುತ್ತದೆ. ಅದನ್ನು ನೋಡಲು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಓಡುತ್ತಿದ್ದರು. ಕಡ್ಡಿಯಿಂದ ಗಿಡ ಮಾಡುವುದು ಬೇರೆ ವಿದ್ಯೆ. ಹೆಬ್ಬೆರಳು ದಪ್ಪದ ಬಲಿತ ಕೊಂಬೆಯನ್ನು ಮೊಳದುದ್ದ ಕತ್ತರಿಸಬೇಕು, ಕತ್ತರಿಸಿದ ಬಾಯಿ ಒಣಗಿ ಹಾಲು ನಿಲ್ಲುವವರೆಗೆ ನೆರಳಲ್ಲಿ ಮಲಗಿಸಬೇಕು. ಅವಸರಪಟ್ಟು ಹಸಿಯಾಗಿಯೇ ಊರಿ ನೀರು ಹೊಯ್ದರೆ ಕೊಳೆತು ನಾರುತ್ತದೆ. ಇದನ್ನು ನಾನು ಬಲ್ಲೆ, ಏಕೆಂದರೆ ಮೊದಲ ವರ್ಷ ನಮ್ಮ ಹಿತ್ತಲು ನಾರಿತು.

ಬೀಜದ ಗಿಡಕ್ಕೂ ಕಡ್ಡಿಯ ಗಿಡಕ್ಕೂ ವ್ಯತ್ಯಾಸವೇನು ಎಂದು ಒಮ್ಮೆ ಕೇಳಿ ಸಿಕ್ಕಿಹಾಕಿಕೊಂಡೆ. ಬೀಜದಿಂದ ಬಂದದ್ದು ಬೇರು ಆಳಕ್ಕಿಳಿಸಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ತಾಯಿಯ ಗುಣ ಬಂದೀತೆಂದು ಹೇಳಲಾಗದು, ಫಲಕ್ಕೂ ಕಾಯಬೇಕು. ಕಡ್ಡಿಯಿಂದ ಬಂದದ್ದು ತಾಯಿಯ ಪಡಿಯಚ್ಚು, ಬೇಗ ಕಾಯಿ ಬಿಡುತ್ತದೆ. ಇಷ್ಟು ಹೇಳುವುದರಲ್ಲಿ ಅನ್ನ ತಳ ಹತ್ತಿತು.

ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಇವರು ಕೈತೊಳೆಯಲು ಹಿತ್ತಲಿಗೆ ಹೋದವರು ಬರಲೇ ಇಲ್ಲ. ಹೋಗಿ ನೋಡಿದರೆ ಬೇಲಿಯ ಮುಂದೆ ಒದ್ದೆ ಕೈ ಹಾಗೇ ಹಿಡಿದುಕೊಂಡು ನಿಂತಿದ್ದಾರೆ. ಭಾವ ಆ ಮನೆ ಕೊಂಡಾಗಲೇ ಮೂಲೆಯಲ್ಲಿ ಒಂದು ಕಾಡುಹರಳಿನ ಗಿಡವಿತ್ತು. ಮೇಕೆಗಳ ಕಾಟ ತಪ್ಪಲೆಂದು ಅದರದೇ ಕೊಂಬೆಗಳನ್ನು ಕಡಿದು ಉದ್ದಕ್ಕೂ ಊರಿಸಿ ಬೇಲಿ ಮಾಡಿಕೊಂಡಿದ್ದರು. ಕಡಿದು ಊರಿದ ಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನಮ್ಮ ಹಿತ್ತಲ ಗಿಡಗಳ ಗೊಂಚಲಲ್ಲಿ ನಾಲ್ಕೈದು ಕಾಯಿ ಇದ್ದರೆ ಹೆಚ್ಚು. ಅಲ್ಲಿ ಒಂದೊಂದು ಗೊಂಚಲೂ ಮುಷ್ಟಿಯಲ್ಲಿ ಹಿಡಿಸದಷ್ಟು.

ದಾರಿಯಲ್ಲಿ ಇವರು ಒಂದೇ ಸಮನೆ ಗೊಣಗಿದರು. “ಎಲ್ಲಾ ಗಿಡದಲ್ಲೂ ಗಂಡು ಹೂವೇ ಜಾಸ್ತಿ ಕಣೇ. ಕಾಯಿ ಆಗೋದು ಹೆಣ್ಣು ಹೂವು. ಆ ಗಿಡದ ತುಂಬ ಹೆಣ್ಣು ಹೂವು! ಅದಕ್ಕಾದ್ರೂ ಬುದ್ಧಿ ಬೇಡ್ವಾ? ಹೋಗಿ ಹೋಗಿ ಅವನ ಮನೇಲಿ ಹುಟ್ಟಬೇಕಿತ್ತಾ?”

“ಗಿಡದ ಮೇಲೂ ಸಿಟ್ಟಾ ನಿಮಗೆ?”

“ಅವನಿಗೆ ಗೊತ್ತೇ ಇಲ್ಲ, ಅದು ಎಂಥ ಗಿಡ ಅಂತ. ಅದರ ಮೇಲೆ ಒದ್ದೆ ಟವೆಲ್ ಹರವಿದಾನೆ, ಟವೆಲ್!”

ಆ ಟವೆಲಿನ ಸಂಕಟ ಅವರನ್ನು ವಾರಗಟ್ಟಲೆ ತಿಂದಿತು.

ಗಿರಣಿಯ ಹಿಂದೆ ಒಂದು ಬೋಳು ಬೆಟ್ಟವಿದೆ. ಅದಕ್ಕೆಲ್ಲ ಕಾಡುಹರಳು ಹಾಕಿಸಬೇಕೆಂದು ಗಿರಣಿಯ ಮ್ಯಾನೇಜರು ಹೊರಟರು. ಯಾರ ಗಿಡ ಒಳ್ಳೆಯದೆಂದು ಮೊದಲು ನೋಡಬೇಕಲ್ಲ, ಅದಕ್ಕೆ ಬೆಟ್ಟದ ಬುಡದಲ್ಲಿ ಪಟ್ಟಿ ಪಟ್ಟಿಯಾಗಿ ಜಾಗ ಬಿಟ್ಟು, ಬೇಕಾದವರು ಬಂದು ನೆಡಬಹುದೆಂದರು. ಮುಂದಿನ ವರ್ಷ ಯಾರ ಪಟ್ಟಿ ಚೆನ್ನಾಗಿ ಕಾಯಿ ಬಿಡುತ್ತದೋ ಅವರ ಗಿಡವೇ ಇಡೀ ಬೆಟ್ಟಕ್ಕೆ, ಅವರೇ ಆ ತೋಟದ ಮೇಲ್ವಿಚಾರಕರು, ಇರಲು ಗಿರಣಿಯದೇ ಮನೆ. ನಮ್ಮವರು ಮೊದಲ ದಿನವೇ ಹೆಸರು ಕೊಟ್ಟು ಬಂದರು. ಎರಡನೇ ದಿನ ಯಾರು ಕೊಟ್ಟರು ಹೇಳಿ? ಭಾವ. ಜನರೆಲ್ಲ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳುವ ಕಾಲ, ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. “ಬೆಟ್ಟದ ಗಾಳಿ ಕುಡಿಯೋಕೆ ಒಂದು ನೆಪ ತಮ್ಮಾ” ಎಂದು ನಕ್ಕರು. ಎಲ್ಲಿಂದಲೋ ಒಳ್ಳೆಯ ಬೀಜ ತರಿಸಿ, ಮಣ್ಣು ತುಂಬಿದ ಪೊಟ್ಟಣಗಳಲ್ಲಿ ಸಸಿ ಮಾಡಿದರು. ಇಳಿಜಾರಿನ ನೆಲಕ್ಕೆ ಆಳಕ್ಕೆ ಬೇರಿಳಿಸುವ ಬೀಜದ ಗಿಡವೇ ಸರಿ ಎಂದು ಯಾರೋ ಹೇಳಿದ್ದರಂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ತಮ್ಮ ಬೇಲಿಯ ನೆನಪು ಅವರಿಗೆ ಬರಲೇ ಇಲ್ಲ.

ನೆನಪಿದ್ದವರು ನಮ್ಮವರು. ಮುಂದಿನ ಸಲ ಅಕ್ಕನ ಮನೆಗೆ ಹೋದಾಗ ಮತ್ತೆ ಕೈತೊಳೆಯಲು ಹಿತ್ತಲಿಗೆ ಹೋದರು. ಬಂದಾಗ ನಡಿಗೆಯೇ ಬೇರೆ. ಮರದ ಗೊಂಬೆಯ ಹಾಗೆ ನೆಟ್ಟಗೆ, ಬಗ್ಗುವ ಹಾಗಿಲ್ಲ, ಕೂರುವ ಹಾಗಿಲ್ಲ.

“ಏನಾಯ್ತು, ಬೆನ್ನು ಹಿಡ್ಕೊಂಡಿದ್ಯಾ?” ಅಕ್ಕ ಕೇಳಿದಳು.

“ಹೂಂ, ವಾಯು ಅನ್ಸುತ್ತೆ.”

ಭಾವ ಒಳಗೆ ಓಡಿಹೋಗಿ ನೋವಿನ ಎಣ್ಣೆಯ ಸೀಸೆ ಹಿಡಿದು ಬಂದರು. “ಶರ್ಟ್ ಬಿಚ್ಚು ತಮ್ಮಾ, ತಿಕ್ಕಿಬಿಡ್ತೀನಿ. ಎರಡು ನಿಮಿಷದ ಕೆಲಸ.”

“ಬೇಡ ಅಣ್ಣಾ, ಬೇಡ!”

“ಅಯ್ಯೋ ನಾಚ್ಕೆ ಏನು, ನಾನೇನು ಹೊರಗಿನವನಾ?” ಎಂದು ಭಾವ ಕಾಲರಿಗೆ ಕೈಹಾಕಿಯೇಬಿಟ್ಟರು. ನಮ್ಮವರು ಚಪ್ಪಲಿ ಕೂಡ ಮೆಟ್ಟದೆ ಸ್ಕೂಟರಿನ ಕಡೆ ಓಡಿದರು. ನಾನು ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನಿಂದ ಓಡಿದೆ.

ಮನೆಗೆ ಬಂದು ಶರ್ಟು ತೆಗೆದರೆ ಬೆನ್ನಿಗೂ ಹೊಟ್ಟೆಗೂ ಕಾಡುಹರಳಿನ ಕಡ್ಡಿಗಳು, ದಾರ ಸುತ್ತಿ ಕಟ್ಟಿಕೊಂಡಿದ್ದರು. ಆ ಗಿಡದ ಹಾಲು ಬಟ್ಟೆಗೆ ತಾಗಿದರೆ ಒಣಗಿ ಕಂದಾಗುತ್ತದೆ. ಬಟ್ಟೆ ಹರಿದೀತು, ಕಲೆ ಹೋಗದು. ಇದ್ದದ್ದರಲ್ಲಿ ಒಳ್ಳೆಯ ಶರ್ಟು ಅದು. ನನಗೆ ಮೈಯೆಲ್ಲ ಉರಿಯಿತು.

“ಕಡ್ಡಿ ಕೇಳಿದ್ರೆ ಕೊಡ್ತಿರಲಿಲ್ವಾ ಭಾವ?”

“ಕೊಡ್ತಿದ್ದ! ಅದಕ್ಕೇ ಕೇಳ್ಲಿಲ್ಲ” ಎಂದು ಕೂಗಿದರು. “ಕೇಳಿದ್ರೆ ನಗ್ತಾ ನಗ್ತಾ ಕೊಡ್ತಿದ್ದ. ತಾನೇ ಕಡಿದು, ಕಟ್ಟು ಕಟ್ಟಿ, ಗಾಡಿ ಮೇಲೆ ಇಟ್ಟು ಕಳಿಸ್ತಿದ್ದ. ನನಗೆ ಬೇಡ ಅವನ ದಾನ.”

ಆ ಸಾಲಿನಲ್ಲಿ ನಮ್ಮವರ ಬೆನ್ನು ನೋವು ಬೇಗ ವಾಸಿಯಾಗಲಿಲ್ಲ. ಅಕ್ಕನ ಮನೆಗೆ ಹೋದಾಗೆಲ್ಲ ಮರುಕಳಿಸುತ್ತಿತ್ತು. ನಾನು ಬೈಯುತ್ತಲೇ ಇದ್ದೆ, ಆದರೆ ಯಾರ ಬಾಯಿಗೂ ಬೀಳದಂತೆ ಮುಚ್ಚಿಯೂ ಇಟ್ಟೆ. ಗಿರಣಿಯ ಮನೆಯ ಆಸೆ ನನ್ನ ಬಾಯಿ ಕಟ್ಟಿಹಾಕಿತ್ತು. ಮನೆಯಲ್ಲಿ ಇಟ್ಟುಕೊಳ್ಳಲು ಒಂದು ಕಡ್ಡಿಯೂ ಉಳಿಯದ ಹಾಗೆ ಇವರು ಎಲ್ಲವನ್ನೂ ಬೆಟ್ಟದ ಪಟ್ಟಿಯಲ್ಲೇ ಊರಿದರು. ಆಮೇಲೆ ಅವುಗಳ ತುದಿ ಚಿವುಟಿ ಚಿವುಟಿ, ಕವಲೊಡೆಸಿ, ಪೊದೆಯ ಹಾಗೆ ಬೆಳೆಸಿದರು. ಹೂವು ಬರುವುದು ಕೊಂಬೆಯ ತುದಿಯಲ್ಲಿ, ಹಾಗಾಗಿ ತುದಿ ಹೆಚ್ಚಿದಷ್ಟೂ ಕಾಯಿ ಹೆಚ್ಚು. ನನ್ನ ತಲೆ ಬಾಚಣಿಗೆ ಮುರಿದಿದೆ ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಬೀಳದ ಮನುಷ್ಯನಿಗೆ ಅಲ್ಲಿನ ಒಂದೊಂದು ಚಿಗುರೂ ಬಾಯಿಪಾಠವಾಗಿತ್ತು.

ಮುಂದಿನ ವರ್ಷ ಮ್ಯಾನೇಜರು ನೋಡಲು ಬಂದಾಗ ಭಾವನ ಬೀಜದ ಗಿಡಗಳು ಗಟ್ಟಿಮುಟ್ಟಾಗಿ ನಿಂತಿದ್ದವು, ಎಲೆ ಎಲೆ ಎಲೆ. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. ನಮ್ಮವರ ಪಟ್ಟಿಯಲ್ಲಿ ಗೊಂಚಲು ಗೊಂಚಲು ಕಾಯಿ ಹಳದಿಗೆ ತಿರುಗಿ ಜೋತಾಡುತ್ತಿತ್ತು. ಮ್ಯಾನೇಜರು ಉಳಿದ ಪಟ್ಟಿಗಳ ಮುಂದೆ ನಿಲ್ಲಲೂ ಇಲ್ಲ.

“ಇಡೀ ಬೆಟ್ಟಕ್ಕೆ ಇದೇ ಗಿಡ. ಕಡ್ಡಿ ಎಲ್ಲಿಂದ ತಂದ್ರಿ?”

“ನಮ್ಮ ಹಿತ್ತಲಿಂದ” ಎಂದರು ನಮ್ಮವರು, ಕಣ್ಣು ಮಿಟುಕಿಸದೆ.

“ಹಾಗಾದ್ರೆ ಮಳೆ ಹಿಡಿಯೋ ಮುಂಚೆ ಕಡ್ಡಿ ಒಟ್ಟು ಮಾಡಿ. ಈ ಪಟ್ಟಿಯದನ್ನ ಮಾತ್ರ ಮುಟ್ಟಬೇಡಿ, ಇದರ ಬೀಜ ತೂಕ ಹಾಕ್ಬೇಕು. ಕಡ್ಡಿ ಬೆಟ್ಟ ಹತ್ತಿದ ದಿನ ಮನೆ ಬೀಗದ ಕೈ ತಗೊಳ್ಳಿ.”

ಮನೆಯನ್ನು ತೋರಿಸಿದರು. ನಾನೂ ಹೋಗಿದ್ದೆ. ಎರಡು ಕೋಣೆ, ಒಳಗೇ ನಲ್ಲಿ, ಅಡುಗೆಮನೆಗೆ ಅಗಲವಾದ ಕಿಟಕಿ. ಅಕ್ಕನ ಕಿಟಕಿಗಿಂತ ಒಂದು ಗೇಣು ದೊಡ್ಡದು, ಕೈಯಿಟ್ಟು ಅಳೆದೆ. ಒಲೆ ಎಲ್ಲಿ, ಡಬ್ಬಿಗಳ ಹಲಗೆ ಎಲ್ಲಿ, ಅಕ್ಕ ಮೊದಲ ಸಲ ಬಂದಾಗ ಅವಳನ್ನು ಎಲ್ಲಿ ಕೂರಿಸಿದರೆ ಕಿಟಕಿ ನೇರ ಕಣ್ಣಿಗೆ ಬೀಳುತ್ತದೆ, ಎಲ್ಲವನ್ನೂ ನಿಂತ ನಿಲುವಿನಲ್ಲೇ ನಿರ್ಧರಿಸಿದೆ.

ಸಂಜೆ ಭಾವ ಸಿಹಿ ಪೊಟ್ಟಣ ಹಿಡಿದು ನಮ್ಮ ಮನೆಗೇ ಬಂದರು. “ಗೆದ್ದುಬಿಟ್ಟೆ ತಮ್ಮಾ! ನನಗೆ ಮೊದಲೇ ಗೊತ್ತಿತ್ತು ಬಿಡು” ಎಂದು ತಬ್ಬಿಕೊಂಡು ಬೆನ್ನು ತಟ್ಟಿದರು. ಅವರು ಹೋದ ಮೇಲೆ ನಮ್ಮವರು ಆ ಸಿಹಿಯನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು, “ಸೋತವನ ಮುಖವಾ ಅದು? ಹೇಳು, ಸೋತವನ ಮುಖವಾ?” ಎಂದು ನನ್ನನ್ನೇ ಕೇಳಿದರು. ಸೋತ ಮುಖ ಇದ್ದದ್ದು ಗೆದ್ದವರಿಗೇ.

ಅದಾದ ಮೇಲೆ ಅಸಲು ಸಂಕಟ ಶುರುವಾಯಿತು. ಬೆಟ್ಟಕ್ಕಾಗುವಷ್ಟು ಕಡ್ಡಿ ಬೇಕು, ಪಟ್ಟಿಯ ಗಿಡ ಮುಟ್ಟುವಂತಿಲ್ಲ, ನಮ್ಮ ಹಿತ್ತಲಲ್ಲಿ ಇರುವುದು ನಾಲ್ಕೈದು ಕಾಯಿಯ ಬಡ ಗಿಡಗಳು. ಆ ತಾಯಿ ಗಿಡ ಮತ್ತು ಅದರ ಮಕ್ಕಳು ಸಾಲಾಗಿ ನಿಂತಿರುವುದು ಇಡೀ ಊರಿನಲ್ಲಿ ಒಂದೇ ಕಡೆ, ಭಾವನ ಬೇಲಿಯಲ್ಲಿ. ಗೆದ್ದವರು ಸೋತವರ ಬಾಗಿಲಿಗೆ ಹೋಗಿ ಕೈಯೊಡ್ಡಬೇಕು. ಇವರು ಊರ ಬೇಲಿಗಳನ್ನೆಲ್ಲ ಸುತ್ತಿ ನೋಡಿದರು, ಅಂಥ ಗಿಡ ಇನ್ನೊಂದು ಸಿಗಲಿಲ್ಲ. ಬೆನ್ನಿಗೆ ಕಟ್ಟಿ ತರೋಣವೆಂದರೆ ಇಡೀ ಬೆಟ್ಟಕ್ಕೆ ಎಷ್ಟು ಬೆನ್ನು ಬೇಕು? ದಿನ ಕಳೆದವು, ಮೋಡ ಕಟ್ಟತೊಡಗಿತು. ಇವರದು ಉಗುಳುವಂತಿಲ್ಲ ನುಂಗುವಂತಿಲ್ಲ. ನಾನೇ ಒಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ಹತ್ತಿ ಕೂತು, “ನಡೀರಿ. ನಿಮ್ಮ ಮಾನಕ್ಕಿಂತ ನನ್ನ ಕಿಟಕಿ ದೊಡ್ಡದು” ಎಂದೆ.

ಭಾವ ಹಿತ್ತಲಲ್ಲೇ ಇದ್ದರು. ಅಕ್ಕ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಇವರು ಗಂಟಲು ಸರಿಮಾಡಿಕೊಂಡು, ಬೇಲಿಯಿಂದ ಸ್ವಲ್ಪ ಕಡ್ಡಿ ಬೇಕಾಗಿತ್ತು ಎಂದರು. ಸ್ವಲ್ಪ ಎಂದರೆ, ಪೂರ್ತಿ ಬೇಲಿ.

“ಈ ಬೇಲಿದಾ? ಇದ್ಯಾಕೆ ತಮ್ಮಾ? ನಿನ್ನ ಹಿತ್ತಲಲ್ಲಿ ಅಂಥ ಬಂಗಾರದಂಥ ಗಿಡ ಇರೋವಾಗ! ಇದು ಮೇಕೆ ಬರದೇ ಇರ್ಲಿ ಅಂತ ಹಾಕಿರೋದು.”

ನಾನೇ ಬಾಯಿಬಿಟ್ಟೆ. “ಭಾವ, ಆ ಗಿಡ ಇದೇನೇ. ಇವರಿಗೆ ಬೆನ್ನು ನೋವು ಬರ್ತಿತ್ತಲ್ಲ, ಅದು ಬೆನ್ನು ನೋವಲ್ಲ.”

ಅಕ್ಕನಿಗೆ ಮೊದಲು ಹೊಳೆಯಿತು. ಮೊರ ಪಕ್ಕಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವನೂ ನಗುತ್ತಾರೆಂದು ನಾನು ಕಾದೆ. ಭಾವ ನಗಲಿಲ್ಲ. ನಿಧಾನವಾಗಿ ಬೇಲಿಯ ಹತ್ತಿರ ಹೋದರು, ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದರು, ಬಿಟ್ಟು ಪಕ್ಕದ್ದನ್ನು ಹಿಡಿದರು. ಬೇಲಿಯ ಆ ತುದಿಯವರೆಗೆ ಹೋಗಿ ಹಾಗೆಯೇ ತಿರುಗಿ ಬಂದರು.

“ಕದ್ದಿದ್ದಕ್ಕೆ ನನಗೇನಿಲ್ಲ” ಎಂದರು. “ಕೇಳಿದ್ರೆ ಗಾಡಿ ತುಂಬ ಕೊಡ್ತಿದ್ದೆ. ಆದ್ರೆ ದಿನಾ ಇದರ ಪಕ್ಕದಲ್ಲೇ ನಿಂತು ಹಲ್ಲುಜ್ತೀನಿ ನಾನು. ನನಗೆ ಕಾಣ್ದೇ ಇದ್ದಿದ್ದು, ಯಾವಾಗ್ಲೋ ಒಮ್ಮೆ ಬಂದು ಹೋಗೋ ನಿನಗೆ ಹೇಗೆ ಕಾಣ್ತು?”

“ನೋಡ್ದೆ, ಕಾಣ್ತು” ಎಂದರು ನಮ್ಮವರು.

ಆಗ ಭಾವನ ಮುಖ ಬದಲಾಯಿತು. ಕಿವಿ ಕೆಂಪಾದವು, ಗಲ್ಲ ಅದುರಿತು, ನಗುವಿಗೆ ಒಗ್ಗಿಹೋಗಿದ್ದ ತುಟಿಗಳು ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ಸರಿದವು. ಕೋಪವನ್ನು ನಾನು ನೋಡಿದ್ದೇನೆ, ಬೇಜಾರನ್ನೂ ನೋಡಿದ್ದೇನೆ. ಇದು ಬೇರೆ. ಇದರ ಜೊತೆ ನಾನು ವರ್ಷಗಟ್ಟಲೆ ಸಂಸಾರ ಮಾಡಿದ್ದೆ, ಗುರುತು ಹಿಡಿಯಲು ಕಷ್ಟವಾಗಲಿಲ್ಲ.

“ಒಂದು ಕಡ್ಡಿನೂ ಕೊಡಲ್ಲ” ಎಂದರು ಭಾವ.

“ಅಣ್ಣಾ...”

“ಮ್ಯಾನೇಜರ್ ಮುಂದೆ ಬಂದು ಹೇಳು, ಗಿಡ ನಂದು ಅಂತ. ಆ ಕೆಲಸ ನನಗೆ ಬರ್ಲಿ. ನಾಳೆನೇ ಬೇಲಿ ಪೂರ್ತಿ ಕಡಿದು ಬೆಟ್ಟಕ್ಕೆ ಹೊರಿಸ್ತೀನಿ.”

“ನಿಮಗೆ ಬೆಟ್ಟದಲ್ಲಿ ಏನು ಕೆಲಸ ಅಣ್ಣಾ? ಸ್ಟುಡಿಯೋ ಇದೆ, ಸ್ವಂತ ಮನೆ ಇದೆ.”

“ನನಗೆ ಬೇಕು ಅಷ್ಟೇ. ನಿನಗೆ ಸಿಕ್ಕಿದ್ದು ನನಗೆ ಬೇಕು.”

ನಾನು ನಡುವೆ ಬಿದ್ದೆ. ಇಬ್ಬರೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಗಿಡ ಒಬ್ಬರದು ಆರೈಕೆ ಇನ್ನೊಬ್ಬರದು ಎಂದು ಹಂಚಿಕೊಳ್ಳಿ, ಮನೆ ಮಾತ್ರ ನಮಗಿರಲಿ ಎಂದೆ. ಕಿವಿಗೆ ಹಾಕಿಕೊಳ್ಳುವವರು ಯಾರು? ಭಾವ ಎರಡೂ ಕೈ ಅಗಲಿಸಿ, ಕೋಳಿಮರಿ ಕಾಯುವವರ ಹಾಗೆ ಬೇಲಿಗೆ ಅಡ್ಡ ನಿಂತಿದ್ದರು. ನಮ್ಮವರು ಆ ಮುಖವನ್ನೇ ನೋಡುತ್ತಿದ್ದರು. ನನ್ನ ಗಂಡ ಯಾವ ವಸ್ತುವನ್ನೂ ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

“ಗಿಡ ನಿಮ್ಮದೇ ಅಣ್ಣಾ. ಕಣ್ಣು ನಂದು. ಅದನ್ನ ನಾನು ಯಾರ ಮುಂದೆನೂ ಬಿಟ್ಟುಕೊಡಲ್ಲ” ಎಂದರು. ನಾನು ಅಂಗಿ ಹಿಡಿದು ಎಳೆದೆ, ಕೈ ಜಿಗುಟಿದೆ. ತಿರುಗಿ ನೋಡಲಿಲ್ಲ.

ಅಕ್ಕ ಮಾತ್ರ ಏನೂ ಆಗದವಳ ಹಾಗೆ ಎದ್ದು ಎಲ್ಲರಿಗೂ ಕಾಫಿ ತಂದಳು. ಗಂಡಸರಿಬ್ಬರೂ ಮುಟ್ಟಲಿಲ್ಲ. ನನ್ನ ಪಕ್ಕ ಕೂತು ಮೆಲ್ಲಗೆ, “ಇವರಿಬ್ಬರಿಗೂ ಬುದ್ಧಿ ಇಲ್ಲ ಬಿಡು. ನೀನು ಬೇಜಾರು ಮಾಡ್ಕೋಬೇಡ ಕಣೇ, ನಿನಗೆ ಇದಕ್ಕಿಂತ ಒಳ್ಳೆ ಮನೆ ಸಿಗುತ್ತೆ” ಎಂದಳು. ಮನಸಾರೆ ಹೇಳಿದಳು. ನಾನು ಕಾಫಿ ಲೋಟವನ್ನು ಮೆಟ್ಟಿಲ ಮೇಲೆ ಕುಕ್ಕಿದೆ.

ವಾಪಸು ಬರುವಾಗ ನಮ್ಮವರು ಸಿಳ್ಳೆ ಹಾಕುತ್ತಿದ್ದರು. ಮದುವೆಯಾದಾಗಿನಿಂದ ಆ ಬಾಯಿಂದ ಸಿಳ್ಳೆ ಬಂದದ್ದನ್ನು ನಾನು ಕೇಳಿರಲಿಲ್ಲ. “ನೋಡಿದ್ಯಾ? ಉರೀತು ಕಣೇ ಅವನಿಗೆ! ಹೊಟ್ಟೆ ಉರೀತು! ಕಿವಿ ಕೆಂಪಾಯ್ತು, ನೀನೂ ನೋಡಿದ್ಯಲ್ಲ?”

“ನೋಡ್ದೆ. ಮನೆ ಹೋಯ್ತು, ಅದನ್ನೂ ನೋಡ್ದೆ.”

“ಹೋಗ್ಲಿ ಬಿಡೇ. ಮನೆ ಎಲ್ಲಿ ಬೇಕಾದ್ರೂ ಸಿಗುತ್ತೆ. ಆ ಮುಖ ಸಿಗುತ್ತಾ?”

ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡರು. ಆಮೇಲೆ ಅಂಗಳದಲ್ಲಿ ಕಾಲು ಚಾಚಿ ಮಲಗಿ ಗೊರಕೆ ಹೊಡೆದರು. ನಾನು ಕತ್ತಲ ಅಡುಗೆಕೋಣೆಯಲ್ಲಿ ಕೂತು ಅತ್ತೆ. ಇವರದು ಇಡೀ ಊರು ಹೊತ್ತಿ ಉರಿದರೂ ಎಚ್ಚರವಾಗದಂಥ ನಿದ್ದೆ.

ಕಡ್ಡಿ ಬರಲಿಲ್ಲ, ಮಳೆ ಬಂತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವುದು ಸುಳ್ಳಲ್ಲ. ಮ್ಯಾನೇಜರು ಕಾದು ಕಾದು ತಮ್ಮ ಬಾಮೈದನನ್ನು ಕರೆಸಿ ಬೆಟ್ಟವನ್ನು ಅವನ ಕೈಗೆ ಕೊಟ್ಟರು. ನಮ್ಮವರ ಪಟ್ಟಿಯ ಗಿಡ ಬೆಟ್ಟದ ಒಂದು ಮೂಲೆಗೂ ಸಾಲದೆಂದು ಅವನು ಸಿಕ್ಕ ಸಿಕ್ಕ ಬೇಲಿಯ ಕಡ್ಡಿ ತಂದು ಊರಿಸಿದ್ದಾನೆ. ಬೆಟ್ಟವೇನೋ ಹಸಿರಾಗಿದೆ, ಕಾಯಿ ಹುಡುಕಲು ಕನ್ನಡಕ ಬೇಕು. ಆ ಬಾಮೈದನ ಹೆಂಡತಿ ನನ್ನ ಕಿಟಕಿಗೆ ದಪ್ಪನೆಯ ಪರದೆ ಹಾಕಿ ಯಾವಾಗಲೂ ಮುಚ್ಚಿಟ್ಟಿರುತ್ತಾಳೆ, ಬಿಸಿಲು ಬೀಳುತ್ತದಂತೆ.

ನಮ್ಮವರು ಪಂಪು ಅಂಗಡಿಯಲ್ಲೇ ಇದ್ದಾರೆ. ಒಂದಷ್ಟು ಕಾಲ ಭಾವನೂ ಇವರೂ ಮುಖ ತಿರುಗಿಸಿಕೊಂಡಿದ್ದರು. ಒಂದು ದಿನ ಭಾವ ತಾವಾಗಿಯೇ ನಮ್ಮ ಹಿತ್ತಲಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಇವರ ಗಿಡಗಳ ಗೊಂಚಲುಗಳನ್ನು ಒಂದೊಂದಾಗಿ ಇಣುಕಿ ನೋಡಿದರು. ಅವತ್ತಿನಿಂದ ಇಬ್ಬರೂ ಹಾಲು ಜೇನು. ಇವರು ಅವರ ಬೇಲಿಯನ್ನು ಕರುಬುವುದು, ಅವರು ಇವರ ಕೈಚಳಕವನ್ನು ಕರುಬುವುದು. ಒಬ್ಬರು ಹೊಸ ಬೀಜ ಹಾಕಿದರೆ ಇನ್ನೊಬ್ಬರಿಗೆ ತೋರಿಸದೆ ಗೋಣಿತಾಟು ಮುಚ್ಚುವುದು, ಇನ್ನೊಬ್ಬರು ಬಂದು ಅದನ್ನು ಎತ್ತಿ ನೋಡುವುದು. ಭಾನುವಾರ ಬಂದರೆ ಒಬ್ಬರನ್ನು ಬಿಟ್ಟು ಒಬ್ಬರು ಇರುವುದಿಲ್ಲ. ನಮ್ಮವರ ಮೈ ತುಂಬಿಕೊಂಡಿದೆ, ಕೆನ್ನೆಗೆ ಬಣ್ಣ ಬಂದಿದೆ. ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನಮ್ಮವರಿಗೆ ತಮ್ಮ ಮೇಲೆ ಉರಿದುಕೊಳ್ಳುವ ಒಬ್ಬ ಮನುಷ್ಯ ಸಿಕ್ಕಿದ.

ಹೋದ ವಾರ ಹೊಸ ಬಟ್ಟೆ ತೊಟ್ಟು ಅಕ್ಕನ ಮನೆಗೆ ಹೋಗಿದ್ದೆ. ಎಷ್ಟೋ ಅಂಗಡಿ ಹತ್ತಿ ಇಳಿದು ಆರಿಸಿದ ಬಣ್ಣ, ಅಕ್ಕನ ಬಳಿ ಇಲ್ಲದ ಬಣ್ಣ. ಬಾಗಿಲಲ್ಲೇ ಒಂದು ನಿಮಿಷ ಹೆಚ್ಚಿಗೆ ನಿಂತೆ. ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಅವಳ ಮುಖವೆಲ್ಲ ಅರಳಿತು.

“ಎಷ್ಟು ಚೆನ್ನಾಗಿ ಕಾಣ್ತೀಯೇ ಇದ್ರಲ್ಲಿ!” ಎಂದಳು.